ಕೊನೆಯ ಲೈಫಿನಲ್ಲಿರುವ ಯಂತ್ರಗಳು

ಸ್ಪೇಸ್ ಇನ್ವೇಡರ್ಸ್ ಆಟ ಶುರುವಾದಾಗ ಪರದೆಯ ಮೇಲೆ ಐದು ಸಾಲು, ಸಾಲಿಗೆ ಹನ್ನೊಂದರಂತೆ ಒಟ್ಟು 55 ಅನ್ಯಗ್ರಹ ಜೀವಿಗಳು ನಿಂತಿರುತ್ತವೆ. ಎಲ್ಲವೂ ಒಟ್ಟಾಗಿ ಪಕ್ಕಕ್ಕೆ ಸರಿಯುತ್ತವೆ, ಅಂಚು ಮುಟ್ಟಿದೊಡನೆ ಒಂದು ಹೆಜ್ಜೆ ಕೆಳಗಿಳಿದು ತಿರುಗುತ್ತವೆ. ಹಿನ್ನೆಲೆಯಲ್ಲಿ ನಾಲ್ಕೇ ಸ್ವರಗಳ ದಪ್ಪನೆಯ ಸದ್ದು. ಆಟಗಾರ ಒಂದೊಂದನ್ನೇ ಹೊಡೆದು ಉರುಳಿಸುತ್ತ ಹೋದಂತೆ ಉಳಿದವು ಚುರುಕಾಗುತ್ತವೆ, ಸದ್ದೂ ಚುರುಕಾಗುತ್ತದೆ. ಕಟ್ಟಕಡೆಗೆ ಒಂದೇ ಒಂದು ಉಳಿದಾಗ ಅದು ಪರದೆಯ ಈ ಕೊನೆಯಿಂದ ಆ ಕೊನೆಗೆ ದಿಕ್ಕೆಟ್ಟು ಓಡತೊಡಗುತ್ತದೆ.

ಜಪಾನಿನ ತೈತೋ ಕಂಪನಿಗಾಗಿ 1978ರಲ್ಲಿ ಈ ಆಟ ಕಟ್ಟಿದ ತೊಮೊಹಿರೊ ನಿಶಿಕಾಡೊ ಈ ವೇಗವನ್ನು ಮೊದಲೇ ಲೆಕ್ಕ ಹಾಕಿ ತಂದವರಲ್ಲ. ಯಂತ್ರದೊಳಗಿದ್ದ ಇಂಟೆಲ್ 8080 ಪ್ರೊಸೆಸರ್‌ಗೆ ಅಷ್ಟೂ ಜೀವಿಗಳನ್ನು ಒಮ್ಮೆಗೇ ಸರಿಸುವ ಶಕ್ತಿ ಇರಲಿಲ್ಲ. ಪರದೆ ಸೆಕೆಂಡಿಗೆ ಅರವತ್ತು ಸಲ ಬದಲಾಗುತ್ತಿತ್ತು, ಸಲಕ್ಕೆ ಒಂದು ಜೀವಿ ಮಾತ್ರ ಸರಿಯುತ್ತಿತ್ತು. 55 ಜೀವಿಗಳಿದ್ದಾಗ ಇಡೀ ಪಡೆ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡು ಹಿಡಿಯುತ್ತಿತ್ತು. ಐದೇ ಉಳಿದರೆ ಅದರ ಹನ್ನೊಂದನೇ ಒಂದು ಪಾಲು ಸಾಕು. ಸತ್ತವುಗಳ ಭಾರ ಕಳೆದು ಪ್ರೊಸೆಸರ್ ಹಗುರಾಗುತ್ತಿತ್ತು, ಅಷ್ಟೇ. ನಿಶಿಕಾಡೊ ಅದನ್ನು ತಿದ್ದಲು ಹೋಗಲಿಲ್ಲ. ಆಟಕ್ಕೆ ಉಸಿರು ಬಿಗಿಹಿಡಿಸುವ ಗುಣ ಬಂದದ್ದೇ ಅದರಿಂದ ಎಂದು ಅವರಿಗೆ ಹೊಳೆದಿತ್ತು.

ಹಳೆಯ ವಿಡಿಯೋ ಗೇಮ್ ಪಾರ್ಲರುಗಳ ಬಗ್ಗೆ ನಲವತ್ತು, ಐವತ್ತು ದಾಟಿದವರು ಮಾತಿಗಿಳಿದರೆ ಕಣ್ಣು ಅರಳುತ್ತದೆ. ಆ ಹಂಬಲವನ್ನು ಬಾಲ್ಯದ ನೆನಪು ಎಂದು ತಳ್ಳಿಹಾಕುವುದು ಸುಲಭ. ಆದರೆ ಸ್ಪೇಸ್ ಇನ್ವೇಡರ್ಸ್ ತೋರಿಸುವ ಹಾಗೆ ಆ ಆಟಗಳು ಯಂತ್ರದ ಮೈಯಿಂದಲೇ ಹುಟ್ಟಿದವು. ಅದರ ಚಿಪ್ಪು, ಅದರ ಪಿಕ್ಚರ್ ಟ್ಯೂಬು, ಅದರ ನಾಣ್ಯದ ಕಿಂಡಿ, ಅದರ ಹಿಂದೆ ಗುಂಪುಗೂಡಿ ನಿಂತವರ ಪಿಸುಮಾತು, ಇವೆಲ್ಲ ಸೇರಿ ಒಂದು ಆಟ. ಇವುಗಳಲ್ಲಿ ಕೆಲವನ್ನು ಇಂದು ಜತನವಾಗಿ ಉಳಿಸಿಕೊಳ್ಳಲಾಗಿದೆ. ಕೆಲವು ಕಣ್ಣೆದುರೇ ಕೈತಪ್ಪುತ್ತಿವೆ.

ನಾಣ್ಯದಿಂದಲೇ ಶುರು ಮಾಡಬೇಕು. ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ 1971ರಲ್ಲಿ ರೂಪಿಸಿದ ಕಂಪ್ಯೂಟರ್ ಸ್ಪೇಸ್, ಜನರ ದುಡ್ಡು ಪಡೆದು ಆಡಿಸಿದ ಮೊದಲ ವಿಡಿಯೋ ಗೇಮುಗಳಲ್ಲಿ ಒಂದು. ಅದನ್ನು ಆಡುವ ಕ್ರಮ ತೊಡಕಾಗಿತ್ತು, ಬಾರಿಗೆ ಬಂದವರಿಗೆ ಸೂಚನೆ ಓದಿ ಕಲಿಯುವ ವ್ಯವಧಾನ ಇರಲಿಲ್ಲ. ಮರುವರ್ಷ ಇಬ್ಬರೂ ಅಟಾರಿ ಕಂಪನಿ ಕಟ್ಟಿದರು. ಅಲ್ಲಿ ಕೆಲಸಕ್ಕೆ ಸೇರಿದ ಯುವ ಎಂಜಿನಿಯರ್ ಅಲನ್ ಆಲ್ಕಾರ್ನ್‌ಗೆ ಕೈ ಪಳಗಲಿ ಎಂದು ಬುಶ್ನೆಲ್ ಒಂದು ಸರಳ ಟೇಬಲ್ ಟೆನಿಸ್ ಆಟ ಮಾಡಲು ಹೇಳಿದರು. ಅದೇ ಪಾಂಗ್. ಎರಡು ಗೆರೆ, ಒಂದು ಚುಕ್ಕಿ, ಚೆಂಡು ತಪ್ಪಿಸಿಕೊಳ್ಳದಂತೆ ನೋಡಿಕೋ ಎಂಬ ಒಂದೇ ಸೂಚನೆ. ಕ್ಯಾಲಿಫೋರ್ನಿಯದ ಸನಿವೇಲ್‌ನ ಆಂಡಿ ಕ್ಯಾಪ್ಸ್ ಎಂಬ ಬಾರಿನಲ್ಲಿ ಮೊದಲ ಯಂತ್ರವನ್ನು ಇಟ್ಟರು. ಕೆಲವೇ ದಿನಗಳಲ್ಲಿ ಕೆಟ್ಟಿದೆ ಎಂಬ ದೂರು ಬಂತು. ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ ನಾಣ್ಯ ಬೀಳುವ ಡಬ್ಬಿ ತುಂಬಿ ತುಳುಕಿ, ಹೊಸ ನಾಣ್ಯ ಒಳಗೆ ಹೋಗಲು ಜಾಗವೇ ಇರಲಿಲ್ಲ.

ಅಲ್ಲಿಂದ ಮುಂದೆ ಆಟದ ವ್ಯಾಕರಣವನ್ನು ಬರೆದದ್ದು ಆ ಡಬ್ಬಿಯೇ. ಅಮೆರಿಕದಲ್ಲಿ 25 ಸೆಂಟಿನ ಒಂದು ಬಿಲ್ಲೆ, ಜಪಾನಿನಲ್ಲಿ 100 ಯೆನ್. ಅಷ್ಟಕ್ಕೆ ಹೊಸಬ ಎರಡು ಮೂರು ನಿಮಿಷ ಆಡಿ ಸೋಲಬೇಕು, ಸೋತದ್ದು ತನ್ನ ತಪ್ಪಿನಿಂದಲೇ ಎಂದು ಅವನಿಗೆ ಅನ್ನಿಸಬೇಕು, ಇನ್ನೊಂದು ನಾಣ್ಯ ಹಾಕಬೇಕು. ಹಾಗಾಗಿ ಆ ಆಟಗಳಿಗೆ ನಿಧಾನದ ಆರಂಭವಿಲ್ಲ, ದೀರ್ಘ ಕಥೆಯಿಲ್ಲ, ಅನಗತ್ಯ ದಯೆಯೂ ಇಲ್ಲ. ಮನೆಯಲ್ಲಿ ಆಡುವ ಇಂದಿನ ಆಟ ಅರವತ್ತು ಗಂಟೆ ಹಿಡಿಯಬಹುದು. ಪಾರ್ಲರಿನ ಆಟಕ್ಕೆ ಪ್ರತಿ ಸೆಕೆಂಡೂ ಲೆಕ್ಕ. ಚೆನ್ನಾಗಿ ಆಡುವವನು ಅದೇ ಒಂದು ನಾಣ್ಯಕ್ಕೆ ಅರ್ಧ ಗಂಟೆ ನಿಂತುಬಿಡುತ್ತಿದ್ದ, ಹಿಂದೆ ಜನ ಸೇರುತ್ತಿದ್ದರು. ಕೌಶಲಕ್ಕೆ ಅಷ್ಟು ನೇರವಾದ ಗೌರವ ಒಬ್ಬ ಹುಡುಗನಿಗೆ ಬೇರೆಲ್ಲಿ ಸಿಗುತ್ತಿತ್ತು? ಅಟಾರಿಯ ಆಸ್ಟರಾಯ್ಡ್ಸ್ 1979ರಲ್ಲಿ ಬಂದಾಗ ಹೆಚ್ಚು ಅಂಕ ಗಳಿಸಿದವನು ತನ್ನ ಹೆಸರಿನ ಮೂರಕ್ಷರ ದಾಖಲಿಸಬಹುದಿತ್ತು. ಆ ಮೂರಕ್ಷರ ಊರಿನ ಹುಡುಗರ ನಡುವೆ ಸವಾಲಾಯಿತು.

ಅಮೆರಿಕದ ಅಯೋವಾ ರಾಜ್ಯದ ಒಟಮ್ವಾ ಎಂಬ ಸಣ್ಣ ಊರಿನಲ್ಲಿ ವಾಲ್ಟರ್ ಡೇ ಎಂಬಾತ 1981ರ ನವೆಂಬರ್‌ನಲ್ಲಿ ಟ್ವಿನ್ ಗ್ಯಾಲಕ್ಸೀಸ್ ಎಂಬ ಪಾರ್ಲರ್ ತೆರೆದು, ಮುಂದಿನ ವರ್ಷದಿಂದ ದೇಶದ ಮೂಲೆಮೂಲೆಯ ಗರಿಷ್ಠ ಅಂಕಗಳನ್ನು ದಾಖಲಿಸಲು ಕೂತರು. ಬೇರೆ ಬೇರೆ ರಾಜ್ಯಗಳ ಹುಡುಗರು ಒಂದು ಸಾಲು ಅಂಕಿಗಾಗಿ ಅಲ್ಲಿಗೆ ಪ್ರಯಾಣ ಮಾಡಿದರು. ಅದೇ ವರ್ಷ ಲೈಫ್ ಪತ್ರಿಕೆಯವರು ಬಂದು ಆ ಊರಿನ ಬೀದಿಯಲ್ಲಿ ಯಂತ್ರಗಳನ್ನೂ ಆಟಗಾರರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು.

ಈ ಆಟಗಳ ಒಳಗಿನ ಕಸುಬನ್ನು ನೋಡಬೇಕಾದರೆ ಪ್ಯಾಕ್-ಮ್ಯಾನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಾಮ್ಕೋ ಕಂಪನಿಯ ತೊರು ಇವಾತಾನಿ 1980ರಲ್ಲಿ ಇದನ್ನು ತಂದಾಗ ಪಾರ್ಲರುಗಳಲ್ಲಿ ಗುಂಡು ಹಾರಿಸುವ ಆಟಗಳದ್ದೇ ದರ್ಬಾರು, ಅಲ್ಲಿಗೆ ಬರುತ್ತಿದ್ದವರೂ ಬಹುಪಾಲು ಗಂಡಸರೇ. ಹೆಣ್ಣುಮಕ್ಕಳೂ ಜೋಡಿಗಳೂ ಬರಬೇಕು ಎಂದು ಇವಾತಾನಿ ತಿನ್ನುವುದನ್ನೇ ಆಟವಾಗಿಸಿದರು, ಬೆನ್ನಟ್ಟುವ ದೆವ್ವಗಳಿಗೂ ಮುದ್ದಾದ ಮುಖ ಕೊಟ್ಟರು. ಆ ನಾಲ್ಕು ದೆವ್ವಗಳು ನೋಡಲು ಬಣ್ಣದಲ್ಲಿ ಮಾತ್ರ ಬೇರೆ, ನಡತೆಯಲ್ಲಿ ಪೂರಾ ಬೇರೆ. ಕೆಂಪು ದೆವ್ವ ನೇರ ಬೆನ್ನಟ್ಟುತ್ತದೆ. ಗುಲಾಬಿ ದೆವ್ವ ಆಟಗಾರ ಹೊರಟ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಿನ ಜಾಗಕ್ಕೆ ಗುರಿಯಿಟ್ಟು ದಾರಿ ಅಡ್ಡಗಟ್ಟುತ್ತದೆ. ನೀಲಿಯದು ಆಟಗಾರನ ಜೊತೆಗೆ ಕೆಂಪು ದೆವ್ವ ಎಲ್ಲಿದೆ ಎಂಬುದನ್ನೂ ನೋಡಿ ಹೊರಡುತ್ತದೆ, ಹಾಗಾಗಿ ಅದರ ನಡೆ ಊಹಿಸುವುದು ಎಲ್ಲಕ್ಕಿಂತ ಕಷ್ಟ. ಕಿತ್ತಳೆ ಬಣ್ಣದ್ದು ದೂರದಿಂದ ಧಾವಿಸಿ ಬರುತ್ತದೆ, ಎಂಟು ಮನೆ ಹತ್ತಿರವಾದೊಡನೆ ಪುಕ್ಕಲನ ಹಾಗೆ ತನ್ನ ಮೂಲೆಗೆ ತಿರುಗುತ್ತದೆ. ಬರೀ ನಾಲ್ಕು ನಿಯಮಗಳಿಂದ ನಾಲ್ಕು ಸ್ವಭಾವ ಮೂಡಿದವು. ಕಂಪ್ಯೂಟರ್ ಆಟವೊಂದರಲ್ಲಿ ಎದುರಾಳಿಗೆ ವ್ಯಕ್ತಿತ್ವ ಎಂಬುದು ಬಂದದ್ದರಲ್ಲಿ ಈ ಆಟದ ಪಾಲು ದೊಡ್ಡದು. ಅಮೆರಿಕದಲ್ಲೇ ಸುಮಾರು ಒಂದು ಲಕ್ಷ ಪ್ಯಾಕ್-ಮ್ಯಾನ್ ಯಂತ್ರಗಳು ಮಾರಾಟವಾದವು.

ಅದರಲ್ಲಿ ಅದೃಷ್ಟಕ್ಕೆ ಜಾಗವಿರಲಿಲ್ಲ. ಆಟಗಾರ ಹೆಜ್ಜೆ ತಪ್ಪದೆ ಅದೇ ದಾರಿ ಹಿಡಿದರೆ ದೆವ್ವಗಳೂ ಪ್ರತಿಸಲ ಅದೇ ದಾರಿ ಹಿಡಿಯುತ್ತವೆ. ಹಟಹಿಡಿದವರು ದಾರಿಗಳನ್ನು ಬಾಯಿಪಾಠ ಮಾಡಿ ಗಂಟೆಗಟ್ಟಲೆ ಆಡಿ 256ನೇ ಹಂತ ಮುಟ್ಟಿದರು. ಹಂತಗಳ ಲೆಕ್ಕ ಇಡಲು ಯಂತ್ರಕ್ಕಿದ್ದದ್ದು ಎಂಟು ಬಿಟ್‌ಗಳ ಜಾಗ, ಅದರಲ್ಲಿ ಹಿಡಿಸುವ ದೊಡ್ಡ ಸಂಖ್ಯೆ 255. ಅದನ್ನು ದಾಟಿದೊಡನೆ ಪರದೆಯ ಬಲ ಅರ್ಧ ಅಕ್ಷರ, ಅಂಕಿ, ಬಣ್ಣಗಳ ಗೊಂದಲವಾಗಿ ಒಡೆದುಹೋಗುತ್ತದೆ, ಮುಂದೆ ಹೋಗಲಾಗದು. ಅಲ್ಲಿಯತನಕ ಒಂದು ಲೈಫನ್ನೂ ಕಳೆದುಕೊಳ್ಳದೆ, ಸಿಗುವ ಅಷ್ಟೂ ಅಂಕ ಬಾಚಿದರೆ ಮೊತ್ತ 33,33,360. ಅದಕ್ಕಿಂತ ಹೆಚ್ಚು ಗಳಿಸಲು ಯಂತ್ರವೇ ಬಿಡದು.

ಇಷ್ಟು ಹುಡುಗರು ಒಂದು ಕತ್ತಲೆ ಕೋಣೆಯಲ್ಲಿ ದುಡ್ಡು ಸುರಿಯುವಾಗ ದೊಡ್ಡವರು ಸುಮ್ಮನಿರಲಿಲ್ಲ. ಟೆಕ್ಸಸ್ಸಿನ ಮೆಸ್ಕೀಟ್ ನಗರ 17 ವರ್ಷದೊಳಗಿನವರು ಪೋಷಕರಿಲ್ಲದೆ ಪಾರ್ಲರಿಗೆ ಹೋಗಬಾರದು ಎಂದು ನಿಯಮ ಮಾಡಿ, ಆ ವ್ಯಾಜ್ಯ 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಫಿಲಿಪ್ಪೀನ್ಸ್‌ನಲ್ಲಿ ಅಧ್ಯಕ್ಷ ಮಾರ್ಕೋಸ್ 1981ರಲ್ಲಿ ಇಡೀ ದೇಶಕ್ಕೇ ನಿಷೇಧ ಹೇರಿದರು. ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಒಂದು ಅಧ್ಯಾಯವಿದೆ. ಬೆಂಗಳೂರಿನ ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ 1989ರಲ್ಲಿ ತಂದ ಪರವಾನಗಿ ಆದೇಶದಡಿ ವಿಡಿಯೋ ಗೇಮ್ ಪಾರ್ಲರುಗಳೂ ಬರುತ್ತವೆಯೇ ಎಂಬ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟ್ ಮುಟ್ಟಿತು. ಬರುತ್ತವೆ, ಪರವಾನಗಿ ಬೇಕು ಎಂದು 1995ರಲ್ಲಿ ತೀರ್ಪಾಯಿತು. ಆ ಮೊಕದ್ದಮೆಯಲ್ಲಿ ಅದೃಷ್ಟದ ಮೇಲೆ ನಡೆಯುವ, ಜೂಜಿನ ವಾಸನೆಯ ಯಂತ್ರಗಳ ಮಾತೇ ಮುಖ್ಯವಾಗಿತ್ತು. ಆದರೆ ಹೊರಗಿನಿಂದ ನೋಡುವವರಿಗೆ ಪಾರ್ಲರ್ ಎಂದರೆ ಪಾರ್ಲರೇ. ಗುಂಡಿ ಒತ್ತಿ ಕೌಶಲ ತೋರುವ ಹುಡುಗನೂ ಅದೇ ಅನುಮಾನದ ನೆರಳಲ್ಲಿ ಆಡಬೇಕಾಯಿತು. ಮನೆಯಲ್ಲಿ ಹೇಳದೆ ಹೋದ ಪೀಳಿಗೆಯೊಂದು ಹಾಗೆ ಬೆಳೆಯಿತು.

ಕ್ಯಾಪ್ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ 2 ಬಂದದ್ದು 1991ರಲ್ಲಿ. ಅಷ್ಟೊತ್ತಿಗೆ ಅಮೆರಿಕದ ಪಾರ್ಲರುಗಳ ಮೊದಲ ಸುಗ್ಗಿ ಮುಗಿದು ಎಷ್ಟೋ ಕಾಲವಾಗಿತ್ತು. ಈ ಆಟ ಅಂಕದ ಪಟ್ಟಿಯ ಬದಲಿಗೆ ಪಕ್ಕದಲ್ಲಿ ನಿಂತ ಅಪರಿಚಿತನನ್ನೇ ಎದುರಾಳಿ ಮಾಡಿತು. ಗೆದ್ದವನು ಯಂತ್ರದ ಮುಂದೆ ಉಳಿಯುತ್ತಾನೆ, ಸೋತವನು ಜಾಗ ಬಿಡುತ್ತಾನೆ, ಮುಂದಿನವನು ಗಾಜಿನ ಅಂಚಿನಲ್ಲಿ ತನ್ನ ನಾಣ್ಯ ಇಟ್ಟು ಸರದಿ ಕಾಯುತ್ತಾನೆ. ಒಂದು ಹೊಡೆತದ ಬೆನ್ನಿಗೇ ಇನ್ನೊಂದು ಹೊಡೆತ ಸೇರಿಸುವ ಕಾಂಬೊ ಎಂಬುದು ಈ ಆಟದಲ್ಲಿ ಉದ್ದೇಶಪೂರ್ವಕವಾಗಿ ಇಟ್ಟದ್ದಲ್ಲ. ತಯಾರಿಯ ಹಂತದಲ್ಲಿ ಕಣ್ಣಿಗೆ ಬಿದ್ದಾಗ ಅದನ್ನು ತೆಗೆಯದೆ ಬಿಟ್ಟರು. ಇಂದು ಹೊಡೆದಾಟದ ಆಟಗಳೆಲ್ಲ ಅದರ ಮೇಲೇ ನಿಂತಿವೆ. ನಿಶಿಕಾಡೊ ಮಾಡಿದಂಥ ತೀರ್ಮಾನವೇ ಇದು, ಹದಿಮೂರು ವರ್ಷದ ನಂತರ, ಇನ್ನೊಂದು ಕಂಪನಿಯಲ್ಲಿ.

ಭಾರತದ ಪಾರ್ಲರುಗಳಿಗೆ ಇವೆಲ್ಲ ತಲುಪಿದ್ದರ ಹಿಂದೆ ಒಂದು ತಾಂತ್ರಿಕ ಅನುಕೂಲವಿತ್ತು. 1980ರ ದಶಕದ ನಡುವಿನಲ್ಲಿ ಜಪಾನಿನ ತಯಾರಕರು ಜಾಮಾ ಎಂಬ ಸಮಾನ ಜೋಡಣೆಯನ್ನು ಒಪ್ಪಿಕೊಂಡರು. ಆಮೇಲೆ ಆಟ ಬದಲಿಸಲು ಇಡೀ ಯಂತ್ರ ಕೊಳ್ಳಬೇಕಿರಲಿಲ್ಲ, ಪೆಟ್ಟಿಗೆ ಅದೇ, ಒಳಗಿನ ಬೋರ್ಡು ಕಳಚಿ ಬೇರೆಯದು ಸಿಕ್ಕಿಸಿದರೆ ಸಾಕು. ನಕಲಿ ಬೋರ್ಡುಗಳು ಅಗ್ಗಕ್ಕೆ ಹರಿದಾಡಿದವು. 1990ರ ದಶಕದಲ್ಲಿ ನಮ್ಮ ಊರುಗಳ ಹುಡುಗರು ಒಂದೆರಡು ರೂಪಾಯಿಗೆ ಆಡಿದ್ದು ಹೀಗೆ ಬಂದ ಆಟಗಳನ್ನು. ಅವುಗಳಲ್ಲಿ ಒಂದನ್ನು ಕಂಪನಿ ಇಟ್ಟ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಕ್ಯಾಪ್ಕಾಮ್ 1993ರಲ್ಲಿ ತಂದ ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್ ಎಂಬ ಆಟದ ನಾಲ್ವರು ವೀರರಲ್ಲಿ ಒಬ್ಬನ ಹೆಸರು ಮುಸ್ತಫಾ. ಹಳದಿ ಟೋಪಿಯ ಆ ಮುಸ್ತಫಾನ ಹೆಸರನ್ನೇ ಇಡೀ ದೇಶದ ಮಕ್ಕಳು ಆಟಕ್ಕಿಟ್ಟರು. ಮುಸ್ತಫಾ ಗೇಮ್ ಎಂದರೆ ಸಾಕು, ಆ ಕಾಲದವರಿಗೆ ಬೇರೆ ವಿವರಣೆ ಬೇಡ.

ಪಾರ್ಲರ್ ಸೋತದ್ದು ಮನೆಗೆ. ಮನೆಯಲ್ಲಿ ಸಿಗದ ಚಿತ್ರ, ಸದ್ದು ಅಲ್ಲಿ ಸಿಗುತ್ತಿತ್ತು ಎಂಬುದೇ ಅದರ ಬಲವಾಗಿತ್ತು. 1994ರ ಕೊನೆಗೆ ಟೆಕ್ಕನ್ ಎಂಬ ಆಟ ಪಾರ್ಲರಿಗೆ ಬಂದಾಗ ನಾಮ್ಕೋ ಬಳಸಿದ್ದೇ ಮನೆಯಲ್ಲಿ ಆಡುವ ಸೋನಿ ಪ್ಲೇಸ್ಟೇಷನ್ನಿನ ಯಂತ್ರಾಂಶ. 1999ರಲ್ಲಿ ಸೋಲ್ ಕ್ಯಾಲಿಬರ್ ಎಂಬ ಆಟ ಸೇಗಾದ ಮನೆಯ ಯಂತ್ರ ಡ್ರೀಮ್‌ಕಾಸ್ಟಿಗೆ ಬಂದಾಗ ಮನೆಯ ಆಟವೇ ಪಾರ್ಲರಿನದಕ್ಕಿಂತ ಚೆಲುವಾಗಿತ್ತು. ಆಮೇಲೆ ಇಂಟರ್ನೆಟ್, ಆಮೇಲೆ ಮೊಬೈಲ್. ಪಾರ್ಲರಿಗೆ ಕೊನೆಯತನಕ ನಿಷ್ಠವಾಗಿದ್ದ ಜಪಾನಿನಲ್ಲೂ ಸೇಗಾ ಕಂಪನಿ ಕೊರೊನಾ ಕಾಲದಲ್ಲಿ ಆ ವ್ಯವಹಾರ ಮಾರಿತು, 2022ರಲ್ಲಿ ಅಂಗಡಿಗಳ ಫಲಕದಿಂದ ಸೇಗಾ ಹೆಸರು ಇಳಿಯಿತು.

ಹಳೆಯ ಆಟಗಳನ್ನು ಉಳಿಸುವ ಕೆಲಸದಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು ಇಟಲಿಯ ನಿಕೋಲಾ ಸಲ್ಮೋರಿಯಾ. 1997ರ ಫೆಬ್ರವರಿಯಲ್ಲಿ ಅವರು ಮೇಮ್ ಎಂಬ ತಂತ್ರಾಂಶ ಬಿಡುಗಡೆ ಮಾಡಿದರು. ಹಳೆಯ ಬೋರ್ಡಿನ ಪ್ರತಿಯೊಂದು ಚಿಪ್ಪಿನ ನಡವಳಿಕೆಯನ್ನೂ ಸಾಮಾನ್ಯ ಕಂಪ್ಯೂಟರಿನೊಳಗೆ ಅನುಕರಿಸಿ, ಮೂಲ ಪ್ರೋಗ್ರಾಮನ್ನೇ ಅದರ ಮೇಲೆ ಓಡಿಸುವುದು ಅದರ ವಿಧಾನ. ಇಂದು ಅದು ಸಾವಿರಾರು ಆಟಗಳನ್ನು ಬಲ್ಲದು, ಅದರ ಹಿಂದೆ ಜಗತ್ತಿನ ನಾನಾ ಕಡೆಯ ಸ್ವಯಂಸೇವಕರಿದ್ದಾರೆ. ಕಂಪನಿಗಳೇ ಮರೆತ ಬೋರ್ಡುಗಳನ್ನು ಗುಜರಿಯಿಂದ ಕೊಂಡು, ಗುಟ್ಟು ಬಿಡದ ಚಿಪ್ಪುಗಳ ಹೊದಿಕೆಯನ್ನು ಆಮ್ಲದಿಂದ ಕರಗಿಸಿ, ಸೂಕ್ಷ್ಮದರ್ಶಕದಡಿ ಒಳಗಿನ ಬಿಟ್‌ಗಳನ್ನು ಓದುವವರೂ ಅವರಲ್ಲಿದ್ದಾರೆ. ಇದಕ್ಕೆ ಪುರಾತತ್ವ ಎಂಬ ಹೆಸರು ಸಲ್ಲುತ್ತದೆ.

ಹಾಗಾದರೆ ಪ್ರೋಗ್ರಾಮು ಉಳಿಯಿತು. ಉಳಿಸಲು ಕಷ್ಟವಾಗಿರುವುದು ಪಿಕ್ಚರ್ ಟ್ಯೂಬು.

ಆಸ್ಟರಾಯ್ಡ್ಸ್ ಯಂತ್ರದ ಮುಂದೆ ನಿಂತವರಿಗೆ ಮಾತ್ರ ಇದರ ಬೆಲೆ ಪೂರ್ತಿ ತಿಳಿಯುತ್ತದೆ. ಸಾಮಾನ್ಯ ಟೀವಿಯ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಮೇಲಿನಿಂದ ಕೆಳಗೆ ಸಾಲುಸಾಲಾಗಿ ಇಡೀ ಪರದೆಯನ್ನು ಗುಡಿಸುತ್ತ ಹೋಗುತ್ತದೆ. ಆಸ್ಟರಾಯ್ಡ್ಸ್‌ನ ವೆಕ್ಟರ್ ಪರದೆಯಲ್ಲಿ ಹಾಗಲ್ಲ. ಅಂಗಳದಲ್ಲಿ ರಂಗೋಲಿ ಎಳೆಯುವ ಕೈಯಂತೆ ಕಿರಣವು ಆಕಾರದ ಗೆರೆಯ ಮೇಲಷ್ಟೇ ನಡೆಯುತ್ತದೆ, ಉಳಿದ ಜಾಗವನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಅಲ್ಲಿನ ಕಪ್ಪು ನಿಜವಾದ ಕಪ್ಪು, ಗೆರೆಗಳು ಕೂದಲೆಳೆಯಷ್ಟು ಚೂಪು. ಹಾರುವ ಗುಂಡಿನ ಚುಕ್ಕಿಯ ಮೇಲೆ ಕಿರಣ ತಂಗುವುದರಿಂದ ಅದು ಕಣ್ಣು ಕುಕ್ಕುವಷ್ಟು ಬೆಳಗುತ್ತದೆ, ಹೋದ ಮೇಲೂ ಪರದೆಯ ಫಾಸ್ಫರ್ ಲೇಪನದಲ್ಲಿ ಒಂದು ಕ್ಷಣ ಮಿನುಗು ಉಳಿಯುತ್ತದೆ. ಇವತ್ತಿನ ಚಪ್ಪಟೆ ಪರದೆಯಲ್ಲಿ ಅದೇ ಪ್ರೋಗ್ರಾಮು ಓಡಿಸಿದರೆ ಕಾಣುವುದು ಅದರ ನಕಾಶೆ. ಗುಂಡಿ ಒತ್ತಿದ್ದಕ್ಕೂ ಪರದೆ ಸ್ಪಂದಿಸಿದ್ದಕ್ಕೂ ನಡುವೆ ಟ್ಯೂಬಿನಲ್ಲಿ ಇರುತ್ತಿದ್ದಷ್ಟು ಕಡಿಮೆ ಅಂತರ ಹೊಸ ಟೀವಿಗಳಲ್ಲಿ ಸಿಗುವುದೂ ಕಷ್ಟ, ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನವಾಗುವ ಆಟಕ್ಕೆ ಅದು ಸಣ್ಣ ನಷ್ಟವಲ್ಲ.

ಆ ಟ್ಯೂಬುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವವರು ಈಗ ಇಲ್ಲ. ಭಾರತದ ವಿಡಿಯೋಕಾನ್ ಕೊನೆತನಕ ತಯಾರಿಸಿದ ಕೆಲವೇ ಕಂಪನಿಗಳಲ್ಲಿ ಒಂದಾಗಿತ್ತು. ಹಾಗಾಗಿ ದುರಸ್ತಿಯವರು ಹಳೆಯ ಮನೆ ಟೀವಿಗಳಿಂದ ಟ್ಯೂಬು ಬಿಚ್ಚಿ ಯಂತ್ರಕ್ಕೆ ಹೊಂದಿಸುತ್ತಾರೆ, ಒಣಗಿದ ಕೆಪಾಸಿಟರುಗಳನ್ನು ಒಂದೊಂದಾಗಿ ಬದಲಿಸುತ್ತಾರೆ. ಈ ವಿದ್ಯೆ ಬಲ್ಲವರ ವಯಸ್ಸೂ ಏರುತ್ತಿದೆ. ಮನೆಯ ಅಟ್ಟದ ಹಳೆ ಟೀವಿಯನ್ನು ಗುಜರಿಗೆ ಹಾಕುವ ಮುನ್ನ, ಅದನ್ನು ಕೇಳಿ ಒಯ್ಯುವವರು ಊರಿನಲ್ಲಿ ಇದ್ದಾರೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಯಂತ್ರಗಳನ್ನು ಜೀವಂತವಾಗಿ ಇಟ್ಟಿರುವ ಜಾಗಗಳೂ ಇವೆ. ನ್ಯೂ ಹ್ಯಾಂಪ್‌ಶೈರಿನ ಲಕೋನಿಯಾದಲ್ಲಿ 1952ರಿಂದ ನಡೆಯುತ್ತಿರುವ ಫನ್‌ಸ್ಪಾಟ್ ಎಂಬ ಮನರಂಜನಾ ಕೇಂದ್ರದೊಳಗೆ ಅಮೆರಿಕನ್ ಕ್ಲಾಸಿಕ್ ಆರ್ಕೇಡ್ ಮ್ಯೂಸಿಯಂ ಇದೆ, ಅಲ್ಲಿ ಇಂದಿಗೂ ಟೋಕನ್ ಹಾಕಿಯೇ ಆಡಬೇಕು. ಶಿಕಾಗೋ ಬಳಿಯ ಬ್ರೂಕ್‌ಫೀಲ್ಡಿನಲ್ಲಿ 2010ರಲ್ಲಿ ಶುರುವಾದ ಗ್ಯಾಲಪಿಂಗ್ ಘೋಸ್ಟ್ ಆರ್ಕೇಡಿನಲ್ಲಿ ಎಂಟುನೂರಕ್ಕೂ ಹೆಚ್ಚು ಯಂತ್ರಗಳು, ಬಾಗಿಲಲ್ಲಿ ಒಮ್ಮೆ ದುಡ್ಡು ಕೊಟ್ಟರೆ ದಿನವಿಡೀ ಆಡಬಹುದು. ಎರಡನೆಯದು ಹುಡುಗರ ಕನಸು ನನಸಾದ ಹಾಗೆ. ಆದರೂ ಮೊದಲನೆಯ ಕ್ರಮವೇ ಈ ಆಟಗಳಿಗೆ ಹೆಚ್ಚು ನ್ಯಾಯ ಮಾಡುತ್ತದೆ. ಸೋತರೆ ಏನೂ ಹೋಗುವುದಿಲ್ಲ ಎಂದಾದಾಗ ಮೂರನೇ ಲೈಫಿನಲ್ಲಿ ಅಂಗೈ ಬೆವರುವುದಿಲ್ಲ, ಆ ಬೆವರನ್ನು ಲೆಕ್ಕಕ್ಕೆ ತೆಗೆದುಕೊಂಡೇ ಈ ಆಟಗಳನ್ನು ಕಟ್ಟಲಾಗಿತ್ತು. ತೋಕಿಯೊದ ತಕದನೊಬಾಬಾದಲ್ಲಿರುವ ಮಿಕಾಡೊ ಪಾರ್ಲರ್ ಇನ್ನೊಂದು ದಾರಿ ಕಂಡುಕೊಂಡಿದೆ. ಹಳೆಯ ಆಟಗಳ ಪಂದ್ಯಗಳನ್ನು ನಡೆಸಿ, ವೀಕ್ಷಕ ವಿವರಣೆಯೊಂದಿಗೆ ನೇರ ಪ್ರಸಾರ ಮಾಡಿ, ಹಿಂದೆ ನಿಂತು ನೋಡುವವರ ಗುಂಪನ್ನು ಮರಳಿ ತಂದಿದೆ.

ನಮ್ಮ ಹುಡುಗರ ಮುಸ್ತಫಾ ಗೇಮಿನ ಸ್ಥಿತಿ ಇವೆಲ್ಲಕ್ಕಿಂತ ನಾಜೂಕು. ಅದು ಮಾರ್ಕ್ ಶುಲ್ಟ್ಸ್ ಅವರ ಕಾಮಿಕ್ಸ್ ಒಂದರ ಹಕ್ಕು ಪಡೆದು ಮಾಡಿದ ಆಟ. ಸ್ಟ್ರೀಟ್ ಫೈಟರ್ ಹತ್ತಾರು ಬಾರಿ ಮನೆಯ ಯಂತ್ರಗಳಿಗೆ ಮರುಬಿಡುಗಡೆಯಾಯಿತು, ಮುಸ್ತಫಾ ಒಮ್ಮೆಯೂ ಅಧಿಕೃತವಾಗಿ ಬರಲಿಲ್ಲ. ಹೋಗಲಿ, ಮೂಲ ಬೋರ್ಡಾದರೂ ಉಳಿಯಿತೇ ಎಂದರೆ ಅದರಲ್ಲಿ ನಕಲು ತಡೆಯಲೆಂದು ಕ್ಯಾಪ್ಕಾಮ್ ಒಂದು ಸಣ್ಣ ಬ್ಯಾಟರಿ ಇಟ್ಟಿತ್ತು. ಪ್ರೋಗ್ರಾಮಿನ ಬೀಗದ ಕೀಲಿಯನ್ನು ಆ ಬ್ಯಾಟರಿಯೇ ಕಾಯುತ್ತದೆ. ವರ್ಷಗಳು ಕಳೆದು ಅದು ಸತ್ತ ದಿನ ಬೋರ್ಡೂ ಕೆಡುತ್ತದೆ, ಸಂಗ್ರಾಹಕರು ಅದನ್ನು ಆತ್ಮಹತ್ಯೆ ಬ್ಯಾಟರಿ ಎಂದೇ ಕರೆಯುತ್ತಾರೆ. ಬ್ಯಾಟರಿ ಸಾಯುವ ಮೊದಲೇ ಬಲ್ಲವರು ಅದನ್ನು ಬದಲಿಸುತ್ತಾರೆ, ಇಲ್ಲವೇ ಬೀಗವೇ ಇಲ್ಲದ ಹೊಸ ಚಿಪ್ಪು ಕೂರಿಸುತ್ತಾರೆ. ಕಳ್ಳದಾರಿಯಲ್ಲಿ ತಯಾರಾದ ಬೋರ್ಡುಗಳಲ್ಲಿ ಬೀಗ ಒಡೆದು, ಸದ್ದಿನ ಚಿಪ್ಪನ್ನು ಅಗ್ಗದ್ದಕ್ಕೆ ಬದಲಿಸಿದ್ದರಿಂದ ಅವಕ್ಕೆ ಈ ಕಾಟವಿಲ್ಲ. ಮೇಮ್‌ನ ಸ್ವಯಂಸೇವಕರು ಅಂಥ ನಕಲಿ ಬೋರ್ಡುಗಳನ್ನೂ ಬಿಡದೆ ಪಟ್ಟಿ ಮಾಡಿ, ಮೂಲದ ಪಕ್ಕದಲ್ಲೇ ಜಾಗ ಕೊಟ್ಟು ದಾಖಲಿಸಿದ್ದಾರೆ. ಸದ್ದು ಕೊಂಚ ಒರಟು, ಹಿನ್ನೆಲೆಯ ಸಂಗೀತ ಬೇರೆ. ಅಂಥ ಬೋರ್ಡಿನ ಮೇಲೆ ಮುಸ್ತಫಾನನ್ನು ಆಡಿಸಿದವರಿಗೆ ಗೊತ್ತಿರುವುದು ಅದೇ ಸದ್ದು.